ಎಂಬತ್ತು ನಿಮಿಷದ ಬಾವುಟ

ಬಸವೇಶ್ವರನಗರದ ಎಂಟನೇ ಕ್ರಾಸಿನಲ್ಲಿ ಲಕ್ಷ್ಮೀಪತಿಯ ಮಾನ ಹೋದದ್ದು ಒಂದು ಬಾಳೆಹಣ್ಣಿನಿಂದ. ಹೋದ ವರ್ಷ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು, ಆರು ತಿಂಗಳು ಬೆಳಗಿನ ಐದು ಗಂಟೆಗೆ ಅಲಾರಂ ಇಟ್ಟು ಇಡೀ ಮನೆಯನ್ನು ಎಬ್ಬಿಸಿ, ಕೊನೆಗೂ ಅವನು ಓಡಿ ಮುಗಿಸುವ ಹೊತ್ತಿಗೆ ಮೆಡಲುಗಳು ಖಾಲಿಯಾಗಿದ್ದವು. ಶಾಮಿಯಾನ ಬಿಚ್ಚುತ್ತಿದ್ದವನೊಬ್ಬ ಪಾಪ ಎನ್ನಿಸಿ ಕೈಗೊಂದು ಬಾಳೆಹಣ್ಣು ಕೊಟ್ಟು ಕಳಿಸಿದ್ದ. ಅದನ್ನು ದಾರಿಯಲ್ಲೇ ತಿಂದುಬಿಟ್ಟಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಲಕ್ಷ್ಮೀಪತಿ ಅದನ್ನು ಹಿಡಿದುಕೊಂಡೇ ಮನೆಗೆ ಬಂದ.

"ಇದಕ್ಕೆ ಆರು ತಿಂಗಳು ಓಡಿದ್ರಾ?" ಎಂದಳು ಹೆಂಡತಿ ಅನಂತಲಕ್ಷ್ಮಿ. "ಮೂಲೆ ಅಂಗಡೀಲೇ ಸಿಗ್ತಿತ್ತಲ್ರೀ."

ಗೇಟಿನ ಬಳಿ ಸೊಪ್ಪು ಮಾರುತ್ತಿದ್ದ ಮುನಿತಾಯಮ್ಮನ ಕಿವಿಗೆ ಅದು ಬಿತ್ತು. ಮುನಿತಾಯಮ್ಮನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಕಾಮಾಕ್ಷಿಪಾಳ್ಯ ದಾಟುತ್ತದೆ. ಅಂದಿನಿಂದ ಅವನು ಬಾಳೆಹಣ್ಣು ಲಕ್ಷ್ಮೀಪತಿ. ವಿಮಾ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ತಲೆ ತಗ್ಗಿಸಿ ದುಡಿದು ಗಳಿಸಿದ ಹೆಸರು ಒಂದೇ ದಿನದಲ್ಲಿ ಅಳಿಸಿಹೋಯಿತು.

ಇದಕ್ಕೆ ಒಗ್ಗರಣೆ ಹಾಕುವಂತೆ ಎದುರುಮನೆಯಲ್ಲಿ ರೇವಣಸಿದ್ದಯ್ಯನವರಿದ್ದರು. ಸಹಕಾರ ಸಂಘದಿಂದ ನಿವೃತ್ತರು, ವಯಸ್ಸು ಅರವತ್ತಮೂರು, ಓಡಿದರೆ ಇಪ್ಪತ್ತೊಂದು ಕಿಲೋಮೀಟರಿಗೆ ಕಡಿಮೆ ಓಡುವವರಲ್ಲ. ಅವರ ಷೋಕೇಸಿನಲ್ಲಿ ಏಳು ಮೆಡಲುಗಳು ಸಾಲಾಗಿ ತೂಗುತ್ತಿದ್ದವು. ಓಟದ ದಿನ ಹತ್ತು ಗಂಟೆಗೆ ಸರಿಯಾಗಿ, ಅಂಗಿಯೆಲ್ಲ ಒದ್ದೆಯಾಗಿ, ಕೊರಳಲ್ಲಿ ಮೆಡಲ್ ಹಾಕಿಕೊಂಡು ಕ್ರಾಸಿನ ಮೂಲೆಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದು ಅವರ ವಾಡಿಕೆ. ಅದನ್ನು ದಿನವಿಡೀ ವಾಟ್ಸಾಪಿನಲ್ಲಿ ನೋಡುವುದು ಲಕ್ಷ್ಮೀಪತಿಯ ಹಣೆಬರಹ.

ಈ ವರ್ಷದ ಓಟದ ಹಿಂದಿನ ದಿನ ಅನಂತಲಕ್ಷ್ಮಿ ತೀರ್ಪು ಕೊಟ್ಟಳು. ಅವಳು ಪ್ರೈಮರಿ ಶಾಲೆಯ ಮೇಡಂ. ತೀರ್ಪು ಕೊಟ್ಟ ಮೇಲೆ ಅಪೀಲು ಇಲ್ಲ.

"ಮೆಡಲ್ ತಂದ್ರೆ ಹಾಲಲ್ಲಿ ನಾನೇ ಮೊಳೆ ಹೊಡೀತೀನಿ. ಇಲ್ಲಾಂದ್ರೆ ಶೂ ಯಾರಿಗಾದ್ರೂ ಕೊಟ್ಬಿಡಿ. ಆ ಅಲಾರಂ ಇನ್ನೊಂದ್ ಸಲ ಈ ಮನೇಲಿ ಹೊಡೀಬಾರ್ದು."

ಹೀಗೆ ಒಂದು ಮೆಡಲಿನ ಮೇಲೆ ಮಾನ, ಶೂ, ಅಲಾರಂ ಮೂರನ್ನೂ ಪಣಕ್ಕಿಟ್ಟು ಲಕ್ಷ್ಮೀಪತಿ ಭಾನುವಾರ ಬೆಳಿಗ್ಗೆ ರಾಜಾಜಿನಗರದ ಮೈದಾನಕ್ಕೆ ಹೊರಟ. ಹೊರಡುವ ಮುಂಚೆ ಒಂದು ತಪ್ಪು ಮಾಡಿದ. ಓಟಗಾರರಿಗೆಂದು ಕೊಟ್ಟಿದ್ದ ಚೀಲದಲ್ಲಿ ಎನರ್ಜಿ ಜೆಲ್ಲಿನ ನಾಲ್ಕು ಪೊಟ್ಟಣಗಳಿದ್ದವು. ಓಡುತ್ತ ಓಡುತ್ತ ಒಂದೊಂದಾಗಿ ಚೀಪಬೇಕಾದ ವಸ್ತು ಅದು. ಪುಕ್ಕಟೆ ಸಿಕ್ಕಿದ್ದನ್ನು ಜೇಬಿನಲ್ಲಿಟ್ಟುಕೊಂಡು ಭಾರ ಹೊರುವುದೇಕೆ ಎಂದು ಅವನು ನಾಲ್ಕನ್ನೂ ಖಾಲಿ ಹೊಟ್ಟೆಗೆ ಇಳಿಸಿಬಿಟ್ಟ.

ಮೈದಾನದಲ್ಲಿ ಆರು ಸಾವಿರ ಜನ. ಆರೂವರೆಗೆ ಶುರುವಾಗಬೇಕಿದ್ದ ಓಟಕ್ಕೆ ಮುಖ್ಯ ಅತಿಥಿಗಳು ಇನ್ನೂ ಸ್ನಾನ ಮುಗಿಸಿರಲಿಲ್ಲ. ಅಷ್ಟರವರೆಗೆ ವೇದಿಕೆಯ ಮೇಲಿದ್ದ ಹುಡುಗಿ ಎಲ್ಲರಿಗೂ ಕೈ ಮೇಲೆತ್ತಿ ಕುಣಿಯಲು ಹೇಳಿದಳು. ಎತ್ತಿದವರಿಗೆ ಆಮೇಲೆ ಕೈ ಇಳಿಸಲು ಜಾಗ ಸಿಗಲಿಲ್ಲ. ಲಕ್ಷ್ಮೀಪತಿಯ ಎಡಗೈ ಯಾರದೋ ಹೆಗಲ ಮೇಲೆ ಹತ್ತು ನಿಮಿಷ ಕೂತಿತ್ತು.

ಆ ಹೊತ್ತಿಗೆ ಹೊಟ್ಟೆಯೊಳಗೆ ನಾಲ್ಕು ಪೊಟ್ಟಣಗಳೂ ಒಂದಾಗಿ ಮಾತಾಡಲು ಶುರುಮಾಡಿದವು. ಅವನು ಶೌಚಾಲಯ ಹುಡುಕಿದ. ಆರು ಸಾವಿರ ಜನಕ್ಕೆ ಮೂರು ಪ್ಲಾಸ್ಟಿಕ್ ಗೂಡುಗಳನ್ನು ನಿಲ್ಲಿಸಿದ್ದರು. ಒಂದಕ್ಕೆ ಬೀಗ ಬಿದ್ದಿತ್ತು, ಬೀಗದ ಕೈ ಇಟ್ಟುಕೊಂಡವನು ಕಾಫಿಗೆ ಹೋಗಿದ್ದ. ಉಳಿದೆರಡರ ಮುಂದಿನ ಸಾಲು ಮೈದಾನದ ಗೇಟು ದಾಟಿ ಬಸ್ ಸ್ಟಾಪಿನವರೆಗೆ ಹೋಗಿತ್ತು. ಅದರಲ್ಲಿ ಕೆಲವರು ಬಸ್ಸಿಗೆಂದು ನಿಂತವರೂ ಇದ್ದರು. ಲಕ್ಷ್ಮೀಪತಿ ಹಲ್ಲು ಕಚ್ಚಿ ಒಂದು ಯೋಚನೆ ಮಾಡಿದ. ಮೂರನೇ ಕಿಲೋಮೀಟರಿನಲ್ಲಿ ಓಟ ಹಾದುಹೋಗುವುದು ಅವನ ಮನೆಯ ಕ್ರಾಸಿನ ಪಕ್ಕದಲ್ಲೇ. ಅಲ್ಲಿ ತಿರುಗಿ, ಮನೆಗೆ ನುಗ್ಗಿ, ಐದು ನಿಮಿಷದಲ್ಲಿ ಹಗುರಾಗಿ ಮತ್ತೆ ಸೇರಿಕೊಂಡರೆ ಯಾರಿಗೆ ಗೊತ್ತಾಗಬೇಕು?

ಏಳು ಗಂಟೆ ಐದು ನಿಮಿಷಕ್ಕೆ ಓಟ ಶುರುವಾಯಿತು. ಮೊದಲ ಕಿಲೋಮೀಟರನ್ನು ಜನ ಓಡಿದರು, ಲಕ್ಷ್ಮೀಪತಿ ಅವರ ನಡುವೆ ಸಿಕ್ಕಿಕೊಂಡು ಮುಂದೆ ಹೋದ. ಅವನ ಪಕ್ಕದಲ್ಲಿ ಆತ್ರೇಯ ಎಂಬ ತೆಳ್ಳನೆಯ ಯುವಕ ಹಳದಿ ಬಾವುಟ ಹಿಡಿದು ಓಡುತ್ತಿದ್ದ. ಬಾವುಟದ ಮೇಲೆ ದಪ್ಪಕ್ಷರದಲ್ಲಿ ೮೦ ಎಂದಿತ್ತು. ಅವನ ಹಿಂದೆ ಬಿದ್ದವರು ಎಂಬತ್ತು ನಿಮಿಷಕ್ಕೆ ಗುರಿ ಮುಟ್ಟುತ್ತಾರೆ ಎಂದು ಅದರರ್ಥ. ಹಿಂದೆ ಬಿದ್ದವರು ದಾರಿ ನೋಡುವುದಿಲ್ಲ, ಗಡಿಯಾರ ನೋಡುವುದಿಲ್ಲ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಬಾವುಟವನ್ನು ಮಾತ್ರ ನೋಡುತ್ತಾರೆ.

ಎರಡೂವರೆ ಕಿಲೋಮೀಟರಿನಲ್ಲಿ ರಸ್ತೆಯ ಅರ್ಧವನ್ನು ಪೈಪಿಗೆಂದು ಅಗೆದಿದ್ದರು. ಆರು ಸಾವಿರ ಜನ ಎಮ್ಮೆ ಹೋಗುವಷ್ಟು ಅಗಲದ ಸಂದಿಯಲ್ಲಿ ನುಗ್ಗಿದರು. ಯಾರೋ ಆತ್ರೇಯನ ಹಿಮ್ಮಡಿ ತುಳಿದರು, ಬಲಗಾಲಿನ ಶೂ ಕಳಚಿ ಹಿಂದೆ ಉಳಿಯಿತು.

"ಸಾರ್, ಒಂದೇ ನಿಮಿಷ ಇದನ್ನ ಹಿಡ್ಕೊಂಡಿರಿ, ಶೂ ತಗೊಂಡ್ ಬಂದ್ಬಿಡ್ತೀನಿ," ಎಂದು ಬಾವುಟವನ್ನು ಲಕ್ಷ್ಮೀಪತಿಯ ಕೈಗೆ ತುರುಕಿ ಅವನು ಜನರೊಳಗೆ ಮುಳುಗಿದ. ಅವನ ತಲೆ ಒಂದು ಸಲ ಕಾಣಿಸಿತು, ಆಮೇಲೆ ಕಾಣಿಸಲಿಲ್ಲ.

ಲಕ್ಷ್ಮೀಪತಿ ಕಾಯುವ ಸ್ಥಿತಿಯಲ್ಲಿರಲಿಲ್ಲ. ಎಂಟನೇ ಕ್ರಾಸ್ ಕಂಡದ್ದೇ ಬಾವುಟ ಸಮೇತ ಎಡಕ್ಕೆ ತಿರುಗಿ ಬಾಣದಂತೆ ಹೊರಟ. ಅವನ ಹಿಂದೆ ಎಪ್ಪತ್ತೆರಡು ಜನ ಎಡಕ್ಕೆ ತಿರುಗಿದರು.

ಮೂಲೆಯಲ್ಲಿ ಕೂತಿದ್ದ ಮುನಿತಾಯಮ್ಮ ಸೊಪ್ಪಿನ ಕಟ್ಟುಗಳನ್ನು ಮಡಿಲಿಗೆ ಎಳೆದುಕೊಂಡಳು. ಬಾವುಟ ನೋಡಿ ಅವಳು ಎಲೆಕ್ಷನ್ ಬಂತೆಂದೇ ತಿಳಿದಳು. "ಏನಪ್ಪಾ, ನೀನೂ ನಿಂತ್ಕಂಡ್ಯಾ?" ಎಂದು ಕೂಗಿ ಕೇಳಿದಳು. ನಿಂತುಕೊಂಡರೆ ಏನಾಗುತ್ತದೆಂದು ಗೊತ್ತಿದ್ದ ಲಕ್ಷ್ಮೀಪತಿ ನಿಲ್ಲಲಿಲ್ಲ.

ಮನೆಯ ಗೇಟು ತಳ್ಳಿದಾಗಲೇ ಹಿಂದಿನಿಂದ ಧಡಧಡ ಸದ್ದು ಕೇಳಿ ಅವನು ತಿರುಗಿದ್ದು. ನೀವೆಲ್ಲ ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದ. ಯಾರ ಕಿವಿಯೂ ಖಾಲಿ ಇರಲಿಲ್ಲ. ಮುಂಚೂಣಿಯಲ್ಲಿದ್ದ ಅತ್ತಿಗುಪ್ಪೆಯ ರಾಗಿಣಿ ಎಂಬ ಹುಡುಗಿ ತೆರೆದ ಬಾಗಿಲಿನೊಳಗೆ ಇಣುಕಿ ನೋಡಿದಳು, ಬಚ್ಚಲುಮನೆ ಕಂಡಿತು, ಮುಖ ಅರಳಿತು. "ಗಾಯ್ಸ್, ಇಲ್ಲಿ ಟಾಯ್ಲೆಟ್ ಇದೆ," ಎಂದಳು. ಅದು ಮಾತ್ರ ಎಪ್ಪತ್ತೆರಡು ಜನಕ್ಕೂ ಕೇಳಿಸಿತು.

ಬಾಗಿಲಲ್ಲಿ ರಂಗೋಲಿ ಮುಗಿಸುತ್ತಿದ್ದ ಅನಂತಲಕ್ಷ್ಮಿ ಎದ್ದು ನಿಂತಳು. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೆ ಇಪ್ಪತ್ತು ವರ್ಷ ಮಧ್ಯಾಹ್ನದ ಊಟಕ್ಕೆ ಮಕ್ಕಳನ್ನು ಸಾಲು ನಿಲ್ಲಿಸಿದವಳು ಅವಳು. ಕೈಗಂಟಿದ ರಂಗೋಲಿ ಪುಡಿ ಕೊಡವಿ ಎರಡು ಸಲ ಚಪ್ಪಾಳೆ ತಟ್ಟಿದಳು. ಶೂ ಹೊರಗೆ, ಹೆಂಗಸರು ಮೊದಲು, ಒಬ್ಬರ ಹಿಂದೆ ಒಬ್ಬರು, ಮಾತು ಬೇಡ. ಎರಡು ನಿಮಿಷದಲ್ಲಿ ಸಾಲು ಗೆರೆ ಎಳೆದಂತೆ ನಿಂತಿತು. ಬ್ಯಾಡರಹಳ್ಳಿಯಿಂದ ಬಂದಿದ್ದ ಒಬ್ಬರು, ಹತ್ತು ವರ್ಷದಲ್ಲಿ ಇಂಥ ವ್ಯವಸ್ಥೆ ಎಲ್ಲೂ ನೋಡಿಲ್ಲ ಎಂದು ಗದ್ಗದಿತರಾದರು.

ಲಕ್ಷ್ಮೀಪತಿ ಬಾವುಟವನ್ನು ಗೋಡೆಗೆ ಒರಗಿಸಿ ಒಳಗೆ ನುಗ್ಗಲು ನೋಡಿದ. ಹತ್ತು ಕೈಗಳು ಅವನನ್ನು ತಡೆದವು.

"ಸಾರ್, ಲೈನು."

"ಇದು ನಮ್ಮನೆ ಕಣ್ರೀ."

ಅವರೆಲ್ಲ ಅನಂತಲಕ್ಷ್ಮಿಯ ಮುಖ ನೋಡಿದರು. ಅವಳು ಗಂಡನ ಮುಖ ನೋಡಿದಳು. "ಮನೆಯವರು ಅಂತ ಮಧ್ಯ ನುಗ್ಗೋ ಹಾಗಿಲ್ಲ. ಬಂದೋರಿಗೆ ಮೊದಲು. ಹಿಂದೆ ಹೋಗಿ ನಿಂತ್ಕೊಳ್ಳಿ."

ಅವಸರವಿದ್ದವರು ಮೂವತ್ತೊಂಬತ್ತು ಜನ, ಸ್ವಂತ ಶೌಚಾಲಯಕ್ಕೆ ಅವನದು ನಲವತ್ತನೆಯ ಸ್ಥಾನ. ಐದನೆಯವರು ಒಳಗೆ ಹೋಗುವಷ್ಟರಲ್ಲಿ ಅವನ ಕಣ್ಣಿಗೆ ಕತ್ತಲೆ ಬಂತು. ರೇವಣಸಿದ್ದಯ್ಯನವರ ಮನೆಯ ಪಕ್ಕದ ಓಣಿಯಲ್ಲಿ ಹೊರಗಿನವರಿಗೆಂದು ಕಟ್ಟಿಸಿದ ಕಕ್ಕಸು ಇರುವುದು ಆಗ ನೆನಪಾಯಿತು. ಅವರು ಹೇಗೂ ಐದೂವರೆಗೇ ಹಾಫ್ ಮ್ಯಾರಥಾನಿಗೆ ಹೋದವರು, ಮನೆಯವರು ತುಮಕೂರಿನಲ್ಲಿದ್ದಾರೆ, ಕೇಳುವವರಾರು? ಲಕ್ಷ್ಮೀಪತಿ ರಸ್ತೆ ದಾಟಿ ಓಣಿಗೆ ನುಗ್ಗಿದ. ಮುಂದಿನ ಮುಕ್ಕಾಲು ಗಂಟೆ ಅವನು ಪರಮ ಸುಖಿಯಾಗಿದ್ದ.

ಹೊರಗೆ ಬಂದಾಗ ಅಡುಗೆಮನೆಯ ಹಿಂಬಾಗಿಲು ತೆರೆದಿತ್ತು. ಒಳಗೆ ರೇವಣಸಿದ್ದಯ್ಯನವರು ನಿಂತಿದ್ದರು. ಇಸ್ತ್ರಿ ಮಾಡಿದ ಓಟದ ಅಂಗಿ, ಎದೆಯ ಮೇಲೆ ನಂಬರು. ಒಂದು ಕೈಯಲ್ಲಿ ಇಡ್ಲಿ ತಟ್ಟೆ. ಇನ್ನೊಂದು ಕೈಯಿಂದ ಅವರು ಚೊಂಬಿನ ನೀರನ್ನು ಕಂಕುಳಿಗೆ ಅಳತೆಯಾಗಿ ಚಿಮುಕಿಸಿ ನೋಡುತ್ತಿದ್ದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಮಾತಾಡಿದ್ದು ಇಡ್ಲಿ ನುಂಗಿದ ಮೇಲೆ ರೇವಣಸಿದ್ದಯ್ಯನವರೇ. ಅಡಗಿಸಿ ಪ್ರಯೋಜನವಿಲ್ಲವೆಂದು ಎಲ್ಲ ಹೇಳಿಬಿಟ್ಟರು. ಕಾಮಾಕ್ಷಿಪಾಳ್ಯದ ಗಿರಿರಾಜ್ ಅವರ ಹಳೆಯ ಸ್ನೇಹಿತ. ಊರಿನ ಓಟಗಳಿಗೆಲ್ಲ ಮೆಡಲ್ ಎರಕ ಹೊಯ್ಯುವುದು ಅವನ ವರ್ಕ್‌ಶಾಪಿನಲ್ಲೇ. ಪ್ರತಿ ಸಲ ಮೊದಲ ಮೆಡಲನ್ನು ಸ್ಯಾಂಪಲ್ ಎಂದು ತೆಗೆದು ಇವರಿಗೆ ಕೊಡುತ್ತಾನೆ, ಈ ಸಲ ಎರಡು ಕೊಟ್ಟಿದ್ದ. ಏಳು ವರ್ಷದಲ್ಲಿ ಇವರು ಓಡಿದ್ದು ಮೂಲೆಯಿಂದ ಮನೆಯ ತನಕ ಮಾತ್ರ.

"ಎರಡಿವೆ, ಲಕ್ಷ್ಮೀಪತಿ," ಎಂದು ಅವರು ಡಬ್ಬಿಯಿಂದ ಥಳಥಳಿಸುವ ಒಂದು ಮೆಡಲು ತೆಗೆದರು. "ಒಂದು ನಿಮಗೆ. ನೀವು ನನ್ನ ನೋಡಿಲ್ಲ, ನಾನು ನಿಮ್ಮ ನೋಡಿಲ್ಲ."

ಬೇಡವೆನ್ನಬೇಕೆಂದು ಲಕ್ಷ್ಮೀಪತಿಗೆ ಒಂದು ಕ್ಷಣ ಅನ್ನಿಸಿತು. ಆಮೇಲೆ ಬಾಳೆಹಣ್ಣು ನೆನಪಾಯಿತು. ಕಿಟಕಿಯಿಂದ ನೋಡಿದ, ಎದುರಿನ ಅವನ ಮನೆಗೆ ಬೀಗ, ರಸ್ತೆ ಖಾಲಿ, ಬಾವುಟವೂ ಇಲ್ಲ. ಅನಂತಲಕ್ಷ್ಮಿ ಅವರನ್ನೆಲ್ಲ ಸಾಗಹಾಕಿ ತರಕಾರಿಗೆ ಹೋಗಿರಬೇಕು ಎಂದುಕೊಂಡ. ಮತ್ತೆ ಹೋಗಿ ಓಡುವ ಉತ್ಸಾಹ ಕಾಲಿಗೂ ಇರಲಿಲ್ಲ, ಹೊಟ್ಟೆಗೂ ಇರಲಿಲ್ಲ. ಹತ್ತು ಗಂಟೆಯ ತನಕ ಇಬ್ಬರೂ ಇಡ್ಲಿ ತಿಂದು, ಟಿವಿ ನೋಡಿ, ಒಬ್ಬರ ಬೆನ್ನಿಗೆ ಇನ್ನೊಬ್ಬರು ನೀರು ಚಿಮುಕಿಸಿಕೊಂಡು ಹಿಂದಿನ ಓಣಿಯಿಂದ ಹೊರಬಿದ್ದರು.

ಕ್ರಾಸಿನ ಮೂಲೆಯಲ್ಲಿ ಜನ ಸೇರಿದರು. ಮುನಿತಾಯಮ್ಮ ಮೆಡಲನ್ನು ಮುಟ್ಟಿ ನೋಡಿ, ಭಾರ ಐತೆ ಕಣಪ್ಪಾ, ಎಂದಳು. ಆ ಒಂದು ಮಾತಿಗೆ ಲಕ್ಷ್ಮೀಪತಿಯ ಒಂದು ವರ್ಷದ ಸಂಕಟ ಇಳಿದುಹೋಯಿತು. ನಾಲಿಗೆ ಸಡಿಲವಾಯಿತು. ಆರನೇ ಕಿಲೋಮೀಟರಿನಲ್ಲಿ ಕಾಲು ಹಿಡಿದುಕೊಂಡದ್ದು, ಎಂಟನೆಯದರಲ್ಲಿ ಛಲ ಬಂದದ್ದು, ಗೆರೆ ದಾಟಿದಾಗ ಮುಖ್ಯ ಅತಿಥಿಗಳು ಸ್ವತಃ ಕೊರಳಿಗೆ ಮೆಡಲ್ ಹಾಕಿ ಬೆನ್ನು ತಟ್ಟಿದ್ದು, ಎಲ್ಲವನ್ನೂ ವರ್ಣಿಸಿದ. ವರ್ಣಿಸುತ್ತ ವರ್ಣಿಸುತ್ತ ಅವನಿಗೇ ನಂಬಿಕೆ ಬಂದು ಕಣ್ಣು ಒದ್ದೆಯಾಯಿತು.

ಆಗ ಮೇನ್ ರೋಡಿನ ಕಡೆಯಿಂದ ಹಳದಿ ಬಾವುಟ ಬಂತು.

ಬಾವುಟ ಹಿಡಿದವಳು ಅನಂತಲಕ್ಷ್ಮಿ. ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿದ್ದಳು, ಕಾಲಲ್ಲಿ ಹವಾಯಿ ಚಪ್ಪಲಿ. ಹಿಂದೆ ಎಪ್ಪತ್ತೆರಡು ಜನ, ಇಬ್ಬಿಬ್ಬರಂತೆ, ಶಾಲೆಯ ಮಕ್ಕಳ ಹಾಗೆ. ತನ್ನ ಬಾಗಿಲಿಗೆ ಬಂದವರನ್ನು ದಾರಿ ತಪ್ಪಿಸಿ ಬಿಡಬಾರದೆಂದು ಅವಳು ಎಲ್ಲರನ್ನೂ ಕರೆದುಕೊಂಡು ಹೋಗಿ, ಉಳಿದ ಏಳು ಕಿಲೋಮೀಟರ್ ಓಡಿಸಿ, ಉಪ್ಪಿಟ್ಟು ಮಾಡಿಕೊಡುತ್ತೇನೆಂದು ವಾಪಸು ಕರೆತಂದಿದ್ದಳು. ಕೊನೆಯಲ್ಲಿ ಆತ್ರೇಯ ಒಂದೇ ಶೂ ಹಾಕಿಕೊಂಡು ಕುಂಟುತ್ತ ಬರುತ್ತಿದ್ದ.

ರಾಗಿಣಿಯ ಕಣ್ಣು ಲಕ್ಷ್ಮೀಪತಿಯ ಎದೆಯ ಮೇಲೆ ನಿಂತಿತು.

"ಸಾರ್, ನಿಮಗೆ ಮೆಡಲ್ ಎಲ್ಲಿ ಸಿಕ್ತು?"

ಎಲ್ಲರಿಗೂ ಸಿಕ್ಕ ಕಡೆಯೇ ಎಂದ ಲಕ್ಷ್ಮೀಪತಿ.

"ಯಾರಿಗೂ ಸಿಕ್ಕಿಲ್ಲ ಸಾರ್. ಮೆಡಲ್ ಮಾಡೋ ಮೆಷಿನ್ ಕೆಟ್ಟೋಯ್ತಂತೆ. ಎರಡೇ ಎರಡು ಸ್ಯಾಂಪಲ್ ಆಗಿತ್ತಂತೆ, ಅದು ಆರ್ಗನೈಸರ್‌ಗಳ ಹತ್ರ ಇದೆ ಅಂತ ಮೈಕಲ್ಲಿ ಹೇಳಿದ್ರು."

ಲಕ್ಷ್ಮೀಪತಿ ದೀನನಾಗಿ ಪಕ್ಕಕ್ಕೆ ನೋಡಿದ. ರೇವಣಸಿದ್ದಯ್ಯನವರ ಕೊರಳು ಬರಿದಾಗಿತ್ತು. ಅವರ ಚಡ್ಡಿಯ ಜೇಬು ಮಾತ್ರ ಸ್ವಲ್ಪ ಉಬ್ಬಿತ್ತು.

"ಹೌದಲ್ವಾ," ಎಂದರು ರೇವಣಸಿದ್ದಯ್ಯನವರು. "ನಮಗೂ ಕೊಡ್ಲಿಲ್ಲ. ನಿಮಗೆ ಹೆಂಗ್ ಬಂತು ಲಕ್ಷ್ಮೀಪತಿ?"

ಎಪ್ಪತ್ತೆರಡು ಜನಕ್ಕೆ ಒಟ್ಟಿಗೇ ಹೊಳೆಯಿತು. ಮಧ್ಯದಾರಿಯಲ್ಲಿ ಬಾವುಟ ಹಿಡಿದವನು ಇವನು, ದಾರಿ ತಿರುಗಿಸಿದವನು ಇವನು, ಶೌಚಾಲಯ ಇವನದು, ಸ್ಯಾಂಪಲ್ ಇವನ ಕೊರಳಲ್ಲಿ. ಇವನೇ ಆರ್ಗನೈಸರ್. ಎಲ್ಲರೂ ಮುತ್ತಿಕೊಂಡರು. ಮೂರು ಶೌಚಾಲಯ ಯಾರ ತಲೆಗೆ ಹೊಳೆದದ್ದು ಎಂದು ಒಬ್ಬರು ಕೇಳಿದರು. ಆರನೇ ಕಿಲೋಮೀಟರಿನಲ್ಲಿ ನೀರು ಯಾಕಿರಲಿಲ್ಲ, ಆ ಸಂದಿಯಲ್ಲಿ ಜನರನ್ನು ಯಾಕೆ ಬಿಟ್ಟಿರಿ ಎಂದು ಉಳಿದವರು ಕೇಳಿದರು. ಆತ್ರೇಯ ತನ್ನ ಬಲಗಾಲಿನ ಶೂ ಕೇಳಿದ. ನಾನಲ್ಲ ಎನ್ನಬೇಕಾದರೆ ಮೆಡಲ್ ಎಲ್ಲಿಂದ ಬಂತೆಂದು ಹೇಳಬೇಕು, ಅದನ್ನು ಹೇಳಿದರೆ ಈಗಷ್ಟೇ ವರ್ಣಿಸಿದ ಏಳು ಕಿಲೋಮೀಟರುಗಳನ್ನು ವಾಪಸು ತೆಗೆದುಕೊಳ್ಳಬೇಕು. ಲಕ್ಷ್ಮೀಪತಿ ಬ್ಯಾಡರಹಳ್ಳಿಯವರು ಬರೆದುಕೊಟ್ಟ ಚೀಟಿಗೆ ಸಹಿ ಹಾಕಿದ. ಬುಧವಾರದೊಳಗೆ ಎಪ್ಪತ್ತೆರಡು ಮೆಡಲ್ ಮನೆಮನೆಗೆ ತಲುಪಿಸುವುದಾಗಿ ಅದರಲ್ಲಿತ್ತು. ರಾಗಿಣಿ ಅವನ ಕೊರಳಿನ ಮೆಡಲನ್ನು ಅಡವಾಗಿ ಬಿಚ್ಚಿಕೊಂಡಳು.

ಜನರೆಲ್ಲ ಉಪ್ಪಿಟ್ಟಿಗೆಂದು ಶೂ ಬಿಚ್ಚಿ ಒಳಗೆ ಹೋದರು. ಬಾಗಿಲಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಅನಂತಲಕ್ಷ್ಮಿ ಅವನ ಒಣಗುತ್ತ ಬಂದ ಅಂಗಿಯನ್ನು, ಗದ್ದಕ್ಕೆ ಅಂಟಿದ್ದ ಚಟ್ನಿಯನ್ನು ನೋಡಿದಳು. ಆಮೇಲೆ ಸೊಂಟಕ್ಕೆ ಕಟ್ಟಿಕೊಂಡಿದ್ದ ಕೈಚೀಲ ಬಿಚ್ಚಿದಳು.

"ಮೆಡಲ್ ಇಲ್ಲ ಅಂತ ಎಲ್ಲರಿಗೂ ಇದನ್ನ ಕೊಟ್ರು. ನಿಮ್ಮ ನಂಬರ್ ಹೇಳಿ ನಿಮ್ಮದನ್ನೂ ಇಸ್ಕೊಂಡ್ ಬಂದೆ," ಎಂದು ಅವನ ಅಂಗೈ ಬಿಡಿಸಿ ಅದರಲ್ಲಿ ಬಾಳೆಹಣ್ಣುಗಳನ್ನು ಇಟ್ಟಳು. "ಹೋದ ವರ್ಷ ಒಂದೇ. ಈ ಸಲ ಎರಡು."