ಮಾವ ಬರೆದ ಅಮೆರಿಕದವನ ಚರಿತ್ರೆ

ನಮ್ಮ ಸೋದರಮಾವನ ಒಬ್ಬನೇ ಆಪ್ತಮಿತ್ರ ಸತ್ತು ಇನ್ನೂರು ವರ್ಷಗಳಾಗಿವೆ! ಅಮೆರಿಕ ಆಗಷ್ಟೇ ದೇಶವಾಗುತ್ತಿದ್ದ ಕಾಲದವನು. ಮೊದಲು ಸೈನಿಕ, ಆಮೇಲೆ ವ್ಯಾಪಾರಿ, ಕೊನೆಗೆ ಶಾಸಕ. ಅಡಿಲೇಡಿನ ಹಳೇ ಪುಸ್ತಕದಂಗಡಿಯಲ್ಲಿ ಅವನ ಜೀವನಚರಿತ್ರೆ ಸಿಕ್ಕಿದ್ದೇ ತಡ, ಮಾವ ಅದನ್ನು ಕನ್ನಡದಲ್ಲಿ ಬರೆಯಲು ಕೂತರು.

"ಅವನೂ ನನ್ನ ಹಾಗೇ ಕಣೇ" ಎನ್ನುತ್ತಾರೆ. ಹೌದೇ? ಮಾವ ಮಿಲಿಟರಿಯಲ್ಲಿ ಕಾದದ್ದು ಅಕ್ಕಿ-ಬೇಳೆಯ ಉಗ್ರಾಣ. ಅಡಿಲೇಡಿಗೆ ಬಂದು ಬ್ಲೇರ್ ಅಥಾಲ್ ಬಡಾವಣೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದು ನಿಜ. ಶಾಸಕನಾಗುವ ಬಯಕೆಗೆ ಕನ್ನಡ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತರು. ಬಿದ್ದದ್ದು ಎರಡು ಮತ. ಒಂದು ಅವರದೇ, ಇನ್ನೊಂದು ತನ್ನದಲ್ಲವೆಂದು ಅತ್ತೆ ಆಣೆ ಇಟ್ಟರು!

ಒಮ್ಮೆ ನಾನೂ ಹೋಗಿದ್ದ ಯುಗಾದಿ ಕಾರ್ಯಕ್ರಮದಲ್ಲಿ, ಐದು ನಿಮಿಷ ಮಾತಾಡಿ ಎಂದು ಮಾವನ ಕೈಗೆ ಮೈಕು ಕೊಟ್ಟರು. ಶುರುವಾಯಿತಲ್ಲ, ಅಮೆರಿಕದವನು ಬೂಟಿಲ್ಲದೆ ಹಿಮದಲ್ಲಿ ನಡೆದ ಕಥೆ! ಮುಕ್ಕಾಲು ಗಂಟೆಯಾದರೂ ಅವನು ಊರು ಸೇರಲಿಲ್ಲ; ಬಿಸಿಬೇಳೆಬಾತು ತಣ್ಣಗಾಯಿತು. ಹಿಂದಿನ ಸಾಲಿನಿಂದ ಅತ್ತೆ, "ರೀ, ಅವನಿಗೊಂದು ಜೊತೆ ಬೂಟು ಕೊಡ್ಸಿ, ಕೆಳಗಿಳೀರಿ!" ಎಂದರು.

ಆ ಅತ್ತೆ ಕಳೆದ ಚಳಿಗಾಲದಲ್ಲಿ ಹೋಗಿಬಿಟ್ಟರು. ಅಂದಿನಿಂದ ಮಾವ ಫೋನ್ ಮಾಡಿದರೆ ಮಾತಿಗಿಂತ ನಿಟ್ಟುಸಿರೇ ಹೆಚ್ಚು. ಅತ್ತೆಯ ವರ್ಷಾಂತಿಕಕ್ಕೆ ಬಂದವರ ಕೈಗೆ ಈ ಪುಸ್ತಕ ಕೊಡಬೇಕು ಎಂಬುದೊಂದೇ ಅವರ ಹಟ. ಮೊದಲಿನಿಂದಲೂ ಅವರು ಕೈಬರಹದ ಹಾಳೆಗಳ ಫೋಟೊ ಕಳಿಸುತ್ತಾರೆ, ಪರ್ತ್‌ನ ವಿಲೆಟನ್‌ನಲ್ಲಿ ಕೂತು ನಾನು ಟೈಪ್ ಮಾಡುತ್ತೇನೆ. ಅಚ್ಚು ಹಾಕಿಸುವ ಹೊಣೆ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿರುವ ಅವರ ಡಾಕ್ಟರ್ ಮಗಳದು. "ಲಾಸ್ಟ್ ಚಾಪ್ಟರ್ ಬಂತಾ? ಪ್ರಿಂಟರ್ ವೇಟ್ ಮಾಡ್ತಿದ್ದಾನೆ, ಡ್ಯಾಡ್ ಫೋನೇ ಎತ್ತಲ್ಲ" ಎಂದು ದಿನವೂ ಅವಳ ಗೋಳು.

ಮೊನ್ನೆ ಬಂತು. ಶಾಸನಸಭೆ ಮುಗಿಸಿ ಮುದುಕ ಮನೆಗೆ ಬರುತ್ತಾನೆ. ಹೆಂಡತಿ ಬಾಗಿಲು ತೆಗೆದು, "ಇಷ್ಟು ಹೊತ್ತಾ? ಕೈಕಾಲು ತೊಳ್ಕೊಂಡು ಬನ್ನಿ, ಸಾರು ಆರಿಹೋಗ್ತಿದೆ" ಎಂದು ಗದರುತ್ತಾಳೆ. ಆ ಕಾಲದ ಅಮೆರಿಕದಲ್ಲಿ ಸಾರು! ಅದಿರಲಿ, ಈಕೆ ಬಂದದ್ದೆಲ್ಲಿಂದ? ಅತ್ತೆ ಇದ್ದಾಗ ಬರೆದ ನಾಲ್ಕನೇ ಅಧ್ಯಾಯದಲ್ಲಿ ಮಾವನೇ ಈಕೆಗೆ ಜ್ವರ ಬರಿಸಿ, ಒಂದೇ ಸಾಲಿನಲ್ಲಿ ಸಾಯಿಸಿದ್ದರು.

ಫೋನ್ ಮಾಡಿದೆ. "ಮಾವ, ಅವನ ಹೆಂಡ್ತಿ ಆಗ್ಲೇ ತೀರ್ಕೊಂಡಿದಾಳಲ್ಲ?"

"ಗೊತ್ತು ಕಣೇ. ಆಗ ಏನೂ ಅನ್ನಿಸ್ಲಿಲ್ಲ, ಬರೆದ್ಬಿಟ್ಟೆ. ಆ ಸಾಲು ತೆಗೆದ್ಬಿಡು."

ಚರಿತ್ರೆ ಸುಳ್ಳಾದರೆ ಆಗಲಿ, "ಆಯ್ತು ಮಾವ" ಎಂದೆ. ಮಾವನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ. ಕಣ್ಣೊರೆಸಿಕೊಂಡು ಆ ಜ್ವರವನ್ನೂ ಸಾವನ್ನೂ ಅಳಿಸಿದೆ, ಪುಸ್ತಕವನ್ನು ಬ್ರಿಸ್ಬೇನಿಗೆ ಕಳಿಸಿದೆ.