ಆರುನೂರು ಓಮ್ ಭಜನೆ

ಆ ಭಾನುವಾರ ಬೆಳಿಗ್ಗೆ ಕಲೂರಿನಲ್ಲಿ ಮಳೆ ನಿಂತಿತ್ತು. ಜೊತೆಗೆ ಗಾಳಿಯೂ ನಿಂತು, ಕೆಳಮನೆಯ ಚಮಚದ ಸದ್ದು ಮೇಲ್ಮನೆಗೆ ಕೇಳುವಂತಿತ್ತು.

ಮೇಲ್ಮನೆಯಲ್ಲಿದ್ದ ಬ್ಯಾಂಕಿನ ವಿಠಲರಾಯರಿಗೆ ತೊಡಕಾದದ್ದೇ ಇದು. ಕೆಳಮನೆಯ ಜುಬೈದಾ ಮಂಜೇಶ್ವರದ ಕಡೆಯ ನರ್ಸ್. ರಾತ್ರಿಪಾಳಿ ಮುಗಿಸಿ ಹಗಲು ಮಲಗುವವಳು. ರಾಯರಿಗೋ, ಒಬ್ಬರು ಹೇಳಿ ಎಲ್ಲರೂ ತಿರುಗಿ ಹೇಳುವ ತಮ್ಮೂರ ಭಜನೆಯ ಕ್ಯಾಸೆಟ್ ಕೇಳದೆ ಭಾನುವಾರವೇ ಅಲ್ಲ. ಅವಳು ಕೆಂಪು ಕಣ್ಣಿನಲ್ಲಿ ಮೆಟ್ಟಿಲೇರಿ ಬಂದ ದಿನ ರಾಯರು ನಾಚಿ, ಟೇಪ್ ರೆಕಾರ್ಡರನ್ನೇ ಅವಳ ಕೈಗಿತ್ತು, "ನಿಮ್ಮ ನಿದ್ದೆ ಕೆಡದ ದಾರಿ ಸಿಗುವವರೆಗೆ ಇದು ನಿಮ್ಮಲ್ಲೇ ಇರಲಿ" ಎಂದಿದ್ದರು.

ದಾರಿ ತಿರುವನಂತಪುರದಿಂದ ಬಂತು. ಅಲ್ಲಿ ಬಾಹ್ಯಾಕಾಶ ಕೇಂದ್ರದಲ್ಲಿದ್ದ ಭಾವ ಶ್ರೀಪತಿ, ಚಾಲೈ ಪೇಟೆಯಲ್ಲಿ ಹುಡುಕಿ ಸ್ಟುಡಿಯೋದವರು ಬಳಸುವ ಹೆಡ್‌ಫೋನ್ ಕಳಿಸಿದ್ದ. ಆ ಬೆಳಿಗ್ಗೆ ಅದನ್ನು ವಾಕ್‌ಮನ್‌ಗೆ ಸಿಕ್ಕಿಸಿದರೆ, ಬಾವಿಯ ತಳದಲ್ಲಿ ಸೊಳ್ಳೆಗಳು ಭಜನೆಗೆ ಕೂತಂತೆ ಕೇಳಿತು.

ಕಿವಿಯದೇ ದೋಷವೆಂದು ಹೆಂಡತಿ ಕುಸುಮಾವತಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು. ಸಹೋದ್ಯೋಗಿ ದಿನಕರ ಬಂದು, ತನ್ನ ಮಾವ ಕಿವುಡಾದ ಕತೆಯನ್ನು ವಿಸ್ತಾರವಾಗಿ ಹೇಳಿ, ದೋಸೆ ತಿಂದು ಹೋದ. ರಾಯರು ತಲೆ ವಾಲಿಸಿಕೊಂಡು ಸೋರುವ ನಲ್ಲಿಯಂತೆ ಕೂತರು.

ಮಧ್ಯಾಹ್ನ ಎದುರುಮನೆಯ ಶಂಕರನಾರಾಯಣ ಬಂದರು. ಕಾಸರಗೋಡಿನವರು, ನಿವೃತ್ತ ರೇಡಿಯೋ ಇಂಜಿನಿಯರ್. ಹೆಡ್‌ಫೋನನ್ನು ತಿರುಗಿಸಿ ನೋಡಿದರು.

"ನಿಮ್ಮ ಕಿವಿ ಸರಿ ಉಂಟು ಮಾರಾಯ್ರೆ. ಇದು ಆರುನೂರು ಓಮಿನದ್ದು. ಅಷ್ಟು ತಡೆ ದಾಟಲು ವಾಕ್‌ಮನ್ನಿನ ಎರಡು ಸೆಲ್ಲಿನ ವೋಲ್ಟೇಜು ಎಲ್ಲಿ ಸಾಕು? ಸೈಕಲ್ ಪಂಪಿನಲ್ಲಿ ಬಸ್ಸಿನ ಟಯರಿಗೆ ಗಾಳಿ ಹೊಡೆದ ಹಾಗೆ."

"ಮೊದಲೇ ಹೇಳಬಾರದಿತ್ತೇ?"

"ಎಣ್ಣೆ ಬಿಡುವಾಗ ನನ್ನನ್ನು ಯಾರು ಕರೆದದ್ದು?"

ಅವರು ತಮ್ಮ ಆಂಪ್ಲಿಫೈಯರ್ ಹೊತ್ತು ತಂದು, ವಾಕ್‌ಮನ್‌ಗೂ ಹೆಡ್‌ಫೋನಿಗೂ ನಡುವೆ ಜೋಡಿಸಿ, ಹದ ನೋಡಿ ಏರಿಸಿದರು. ರಾಯರ ಬಳಲಿದ ಮುಖ ಅರಳಿತು. ತಾಳದ ಕಂಪನ, ಹಿರಿಯ ಭಜಕರು ಉಸಿರೆಳೆದದ್ದು, ಎಲ್ಲವೂ ಎದುರೇ ಕೂತಂತೆ. ಕಣ್ಣು ಮುಚ್ಚಿದರು. ಕುಸುಮಾವತಿ ಬಂದು ಭುಜ ಅಲುಗಿಸಿದಳು. ಇವಳಿಗೂ ಭಕ್ತಿ ಬಂತೆಂದು ಹಿಗ್ಗಿದರು.

ಕ್ಯಾಸೆಟ್ ಮುಗಿದು ಕಣ್ಣು ತೆರೆದರೆ, ಎದುರಿಗೆ ಜುಬೈದಾ. ರಾಯರು ಹೆಮ್ಮೆಯಿಂದ ಹೆಡ್‌ಫೋನ್ ತೆಗೆದರು.

"ಈಗ ಒಂದು ಚೂರೂ ಸದ್ದಿಲ್ಲ, ಅಲ್ಲವೇ?"

"ಟೇಪಿನದ್ದು ಇಲ್ಲ ವಿಠಲಣ್ಣ. ಸಾಲುಸಾಲಿಗೂ ತಿರುಗಿ ಹೇಳ್ತಿದ್ದ ನಿಮ್ಮ ಸ್ವರ ಮಾತ್ರ ಕೆಳಗೆ ಕೇಳ್ತಿತ್ತು. ಬೆಳಿಗ್ಗೆ ನಿಮಗೆ ಕೇಳದೆ ಇದ್ದಾಗ ಎಷ್ಟು ಒಳ್ಳೆ ನಿದ್ದೆ ಬಂದಿತ್ತು ನನಗೆ."

ಅವಳು ಆಕಳಿಸಿದಳು. "ಇನ್ನು ಇದರಲ್ಲೇ ಹಾಕಿ. ಕ್ಯಾಸೆಟ್ಟಿನವರಾದರೂ ಶ್ರುತಿಯಲ್ಲಿ ಹಾಡ್ತಾರೆ."

ಟೇಪ್ ರೆಕಾರ್ಡರನ್ನು ಮೆಲ್ಲಗೆ ರಾಯರ ಮಡಿಲಲ್ಲಿಟ್ಟು, ಮೆಟ್ಟಿಲಿಳಿದು ಹೋದಳು.