ನಿಂಬೆಹಣ್ಣಿನ ಸಾಕ್ಷಿ

ಕಾರಿಗೆ ಗೇರ್ ಲಿವರಿನ ಬದಲು ಒತ್ತುವ ಗುಂಡಿಗಳನ್ನು ಇಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಸತ್ಯಪ್ರಕಾಶನ ಪಾಲಿಗಂತೂ ಅವನೇ ಶನಿ.

ರಿಚ್ಮಂಡ್ ಹಿಲ್ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಹೊಸ ಕಾರಿನ ಪೂಜೆ. ಅರ್ಚಕರು ಮುಂದಿನ ಚಕ್ರಗಳೆದುರು ಟೈರಿಗೆ ತಾಗಿಸಿ ಎರಡು ನಿಂಬೆಹಣ್ಣು ಇಟ್ಟು, ಕಣ್ಣುಮುಚ್ಚಿ ಮಂತ್ರ ಶುರುಮಾಡಿದರು. ಹೆಂಡತಿ ನೀರಜಾ ಅತ್ತ ತಿರುಗಿ, ಗಾಳಿಯಲ್ಲಿ ಕರ್ಪೂರ ಹಚ್ಚಲು ಹೆಣಗುತ್ತಿದ್ದಳು. ಹಳೇ ಕಾರನ್ನು ಮೂರು ಸಲ ಗುದ್ದಿಸಿದ ಗಂಡನಿಗೆ ಅವಳು ಬೆಳಗ್ಗೆಯೇ ಹೇಳಿದ್ದಳು: "ಇನ್ನೊಂದ್ಸಲ ನಿಮ್ಮ ಫಾಲ್ಟ್ ಅಂತಾದ್ರೆ ಕೀ ನಂಗೆ ಕೊಡಿ. ನೀವು ಬಸ್ಸಲ್ಲಿ ಓಡಾಡಿ."

ಮಂತ್ರ ಮುಗಿಯುವಷ್ಟು ತಾಳ್ಮೆ ಸತ್ಯಪ್ರಕಾಶನಿಗೆಲ್ಲಿ? ಒಳಗೆ ಕೂತು ಮುಂದಕ್ಕೆಂದು ಗುಂಡಿ ಒತ್ತಿದ. ಕಾರು ಹಿಂದಕ್ಕೆ ಹೋಯಿತು. ಅದೇ ಗಳಿಗೆಗೆ ಹಿಂದಿನ ಸಾಲಿನಿಂದ ಉಡುಪಿಯ ಉಮಾನಾಥರೂ ರಿವರ್ಸ್ ಬರುತ್ತಿದ್ದರು. ಢಬ್!

"ಎಂತ ಮಾರಾಯ್ರೆ, ಹಿಂದೆ ನೋಡ್ಲಿಕ್ಕಿಲ್ವಾ?"

"ನನ್ನ ಕಾರು ನಿಂತಿತ್ತು ಸಾರ್!"

ಪುಳಿಯೋಗರೆ ತಟ್ಟೆ ಹಿಡಿದವರೆಲ್ಲ ಪೆಟ್ಟು ನೋಡಲು ಓಡಿಬಂದರು. ಇನ್ಶೂರೆನ್ಸ್ ಆಫೀಸಿನ ಆನಂದಕುಮಾರ ತಿನ್ನುತ್ತಲೇ ತೀರ್ಪು ಕೊಟ್ಟ: "ಇಬ್ರೂ ರಿವರ್ಸಲ್ಲಿದ್ರೆ ಫಿಫ್ಟಿ-ಫಿಫ್ಟಿ. ನಿಂತ ಕಾರಿಗೆ ಗುದ್ದಿದ್ರೆ ಗುದ್ದಿದೋರದ್ದೇ ಪೂರ್ತಿ."

ಸತ್ಯಪ್ರಕಾಶ ಮೆಲ್ಲಗೆ ಕಾರಿನ ಮುಂದಕ್ಕೆ ಹೋದ. ನಿಂಬೆಹಣ್ಣುಗಳು ಟೈರಿನಿಂದ ಗೇಣು ದೂರದಲ್ಲಿ ಇಡಿಯಾಗಿದ್ದವು. ಯಾರೂ ನೋಡದಾಗ ಒಂದನ್ನು ಕಾಲಲ್ಲಿ, ಇನ್ನೊಂದನ್ನು ಕೈಯಲ್ಲಿ ಟೈರಿಗೆ ತಾಗಿಸಿಬಿಟ್ಟ.

"ಇಲ್ಲಿ ಬನ್ನಿ! ಕಾರು ಅಲ್ಲಾಡಿದ್ರೆ ಇವು ಹೀಗೆ ಟೈರಿಗೆ ಅಂಟ್ಕೊಂಡಿರ್ತಿದ್ವಾ?"

ಎಲ್ಲರೂ ಬಗ್ಗಿ ನೋಡಿ ತಲೆದೂಗಿದರು. ನೀರಜಾ ಅಪರೂಪಕ್ಕೆ ಗಂಡನನ್ನು ಮೆಚ್ಚುಗೆಯಿಂದ ನೋಡಿದಳು.

"ಪೂಜೆಯ ಹಣ್ಣು ಸುಳ್ಳು ಹೇಳುದಿಲ್ಲ. ತಪ್ಪು ನಂದೇ," ಎಂದು ಉಮಾನಾಥರು ಕೈಮುಗಿದರು. ಸತ್ಯಪ್ರಕಾಶನಿಗೆ ಒಳಗೊಳಗೇ ನಾಚಿಕೆಯಾಯಿತು. ಆದರೆ ಬಸ್ಸು ನೆನಪಾಗಿ ತಾನೂ ಕೈಮುಗಿದ.

ಅಷ್ಟರಲ್ಲಿ ಅರ್ಚಕರು ಮಂತ್ರ ಮುಗಿಸಿ ಕಣ್ಣು ತೆರೆದರು. "ಹಣ್ಣು ಹಾಗೇ ಉಳೀಬಾರ್ದು. ಮೇಲೆ ಹತ್ತಿಸಿಬಿಡಿ, ಪೂಜೆ ಮುಗೀಲಿ."

ಎಲ್ಲರೂ ನಿಂತು ನೋಡತೊಡಗಿದರು. ನೀರಜಾ ಫೋನಿನಲ್ಲಿ ವಿಡಿಯೋ ಶುರುಮಾಡಿದಳು. ಉಮಾನಾಥರ ಕಾರು ಇನ್ನೂ ಹಿಂದೆಯೇ ಇತ್ತು. ಸತ್ಯಪ್ರಕಾಶ ಕಾರು ಹತ್ತಿ ಗುಂಡಿ ಒತ್ತಿದ.

ಢಬ್!

ಉಮಾನಾಥರು ತಮ್ಮ ಕಾರಿನತ್ತ ತಿರುಗಿಯೂ ನೋಡಲಿಲ್ಲ. ನಿಂಬೆಹಣ್ಣುಗಳನ್ನೇ ನೋಡುತ್ತಿದ್ದರು. ಎರಡೂ ಟೈರಿನಿಂದ ಗೇಣು ದೂರದಲ್ಲಿ ಇಡಿಯಾಗಿದ್ದವು.

"ಓಹೋ! ಮೊದ್ಲೂ ಹೀಗೇ ಆದದ್ದಲ್ವಾ?"

ಆನಂದಕುಮಾರ ಬೆರಳು ನೆಕ್ಕಿಕೊಂಡ. "ಮೊದಲ್ನೇದು ಫಿಫ್ಟಿ-ಫಿಫ್ಟಿ ಸಾರ್. ಈಗಿಂದು ಪೂರ್ತಿ ನಿಮ್ದು."

ನೀರಜಾ ಕೈಚಾಚಿದಳು. ಸತ್ಯಪ್ರಕಾಶ ಕೀ ಕೊಟ್ಟು ಕೆಳಗಿಳಿದ. ಅವಳು ಕೂತು ಗುಂಡಿ ಒತ್ತಿದಳು. ಕಾರು ನೆಟ್ಟಗೆ ಮುಂದೆ ಹೋಯಿತು, ನಿಂಬೆಹಣ್ಣು ಎರಡೂ ಅಪ್ಪಚ್ಚಿಯಾದವು.